ಹುಂಜವೋ ಹೇಂಟೆಯೋ, ಕತ್ತಿನ ಗರಿ ನೋಡಿ

ಹೋದ ತಿಂಗಳು ಮೈಸೂರಿನಿಂದ ಮಗಳು ಫೋನ್ ಮಾಡಿದಳು. "ಅಮ್ಮ, ಹಿತ್ತಲಲ್ಲಿ ಸಾಕೋಕೆ ಆರು ಪಿಳ್ಳೆ ತಂದಿದ್ದೀನಿ. ಯಾವುದು ಹುಂಜ, ಯಾವುದು ಹೇಂಟೆ ಗೊತ್ತಾಗ್ತಿಲ್ಲ" ಅಂದಳು. ಎಷ್ಟು ದಿನದ ಪಿಳ್ಳೆ ಅಂತ ಕೇಳಿದೆ. ಹದಿನೈದು ದಿನ ಅಂದಳು. ಇನ್ನೂ ಒಂದು ತಿಂಗಳು ಸುಮ್ನೆ ಮೇವು ನೀರು ಹಾಕು, ಆಮೇಲೆ ನೋಡೋಣ ಅಂದೆ.

ಮದ್ದೂರಿನ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಕೋಳಿ ಸಾಕುತ್ತಿದ್ದೇನೆ. ಒಂದು ಸಲ ಸಂತೆಯಲ್ಲಿ "ಎಲ್ಲಾ ಹೇಂಟೆನೇ ಅಕ್ಕ" ಅಂದವನ ಮಾತು ನಂಬಿ ಹತ್ತು ಪಿಳ್ಳೆ ತಂದೆ. ಬೆಳೆದ ಮೇಲೆ ಏಳು ಹುಂಜ! ದಿನವೂ ಕಾದಾಟ. ಹೇಂಟೆಗಳ ಬೆನ್ನಿನ ಗರಿ ಕಿತ್ತು ಬೋಳಾಯಿತು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇದ್ದರೆ ಸಾಕು. ಅದಕ್ಕೇ ಇದನ್ನು ತಿಳಿದುಕೊಳ್ಳಬೇಕು.

ಎಳೇ ನಾಟಿ ಪಿಳ್ಳೆಯ ಮುಖ ನೋಡಿ ಗಂಡು ಹೆಣ್ಣು ಹೇಳಲು ಆಗುವುದಿಲ್ಲ. ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಅಂತ ನಮ್ಮತ್ತೆ ಆರಿಸಿ ಕಾವಿಗೆ ಇಡುತ್ತಿದ್ದರು. ನಾನೂ ಇಟ್ಟು ನೋಡಿದ್ದೇನೆ, ಅದು ಸುಳ್ಳು. ಹ್ಯಾಚರಿಯಲ್ಲಿ ಒಂದು ದಿನದ ಮರಿಯ ಹಿಂಭಾಗ ಬಿಡಿಸಿ ನೋಡಿ ಹೇಳುವವರು ಇದ್ದಾರೆ. ಅದು ಪಳಗಿದ ಕೈಯ ಕೆಲಸ. ಮನೆಯಲ್ಲಿ ಮಾಡಲು ಹೋಗಬೇಡಿ, ಮರಿಯ ಕರುಳಿಗೆ ಪೆಟ್ಟಾಗುತ್ತದೆ.

ಆರರಿಂದ ಎಂಟು ವಾರಕ್ಕೆ ಹುಂಜದ ಮರಿಯ ಜುಟ್ಟು ಮೊದಲು ಕೆಂಪಾಗಿ ದಪ್ಪವಾಗುತ್ತದೆ. ಗದ್ದದ ಕೆಳಗಿನ ಜೋಲೂ ಇಳಿಯುತ್ತದೆ. ಹೇಂಟೆಯದು ಇನ್ನೂ ಸಣ್ಣದಾಗಿ ಬಿಳಿಚಿಕೊಂಡಿರುತ್ತದೆ. ಕಾಲೂ ಹುಂಜದ್ದೇ ದಪ್ಪ. ಆದರೆ ಜುಟ್ಟೊಂದನ್ನೇ ನಂಬಬೇಡಿ. ಜಗಳದ ಕೋಳಿ ಅಸೀಲ್‌ನಲ್ಲಿ ಹುಂಜಕ್ಕೂ ಪುಟ್ಟ ಜುಟ್ಟೇ ಇರುತ್ತದೆ. ಕಡಕ್‌ನಾಥ್ ಅನ್ನುವ ಕರಿ ಕೋಳಿಗೆ ಜುಟ್ಟೇ ಕಪ್ಪು, ಕೆಂಪು ಹುಡುಕಿದರೆ ಎಲ್ಲಿ ಸಿಗುತ್ತದೆ?

ನಾನು ನಂಬುವುದು ಗರಿಯನ್ನು. ಮೂರು ತಿಂಗಳ ಹೊತ್ತಿಗೆ ಕೋಳಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಕತ್ತಿನ ಗರಿ, ಬಾಲದ ಬುಡದಲ್ಲಿ ಸೊಂಟದ ಮೇಲಿನ ಗರಿ ಬಿಡಿಸಿ ನೋಡಿ. ಹುಂಜದ ಗರಿ ಉದ್ದ, ತುದಿ ಚೂಪು, ಎಣ್ಣೆ ಸವರಿದ ಹಾಗೆ ಹೊಳಪು. ಹೇಂಟೆಯ ಗರಿಯ ತುದಿ ದುಂಡಗೆ. ಆಮೇಲೆ ಹುಂಜಕ್ಕೆ ಬಾಲದಲ್ಲಿ ಕುಡುಗೋಲಿನ ಹಾಗೆ ಬಾಗಿದ ಗರಿ ಬರುತ್ತದೆ. ಕಾಲಿನ ಮುಳ್ಳು ನೋಡಿ ತೀರ್ಮಾನ ಮಾಡಬೇಡಿ, ವಯಸ್ಸಾದ ಹೇಂಟೆಗೂ ಮುಳ್ಳು ಬರುವುದುಂಟು. ಹೇಂಟೆ ಕೂಗಿದರೆ ಮನೆಗೆ ಕೇಡು ಅಂತ ಕುಯ್ದು ಹಾಕುತ್ತಾರೆ, ಪಾಪ. ಅಂಡಾಶಯ ಕೆಟ್ಟಾಗ ಹೇಂಟೆ ಹಾಗೆ ಕೂಗುವುದುಂಟು, ಅಷ್ಟೇ.

ಇನ್ನು ತಳಿ. ಕಾವು ಕೂರಿಸಿ ಮರಿ ಮಾಡಿಸುವ ಆಸೆ ಇದ್ದರೆ ನಾಟಿ ಹೇಂಟೆಯೇ ಬೇಕು. ಅದು ವರ್ಷಕ್ಕೆ 60–80 ಮೊಟ್ಟೆ ಇಟ್ಟರೆ ಹೆಚ್ಚು, ಆದರೆ 21 ದಿನ ಕದಲದೆ ಕೂರುತ್ತದೆ. ಬಣ್ಣ ಬಣ್ಣದ ಗಿರಿರಾಜ ನೋಡಲು ನಾಟಿಯ ಹಾಗೇ ಕಾಣುತ್ತದೆ. ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಮಾಡಿದ ತಳಿ ಅದು. ಮೊಟ್ಟೆ 130–150 ಇಡುತ್ತದೆ, ಕಾವಿಗೆ ಮಾತ್ರ ಕೂರುವುದಿಲ್ಲ. ಮೈ ಭಾರ, ಕಾಲು ದಪ್ಪ, ಹಾರುವುದು ಕಡಿಮೆ. ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ. ಕಡಕ್‌ನಾಥ್ ಅಂತ ಕರಿ ಗರಿಯ ಕೋಳಿ ತೋರಿಸಿದರೆ ಕೊಕ್ಕು ಬಿಡಿಸಿ ನಾಲಿಗೆ ನೋಡಿ. ಅಲ್ಲೂ ಕಪ್ಪು ಛಾಯೆ ಇರಬೇಕು.

ಹೊಸತೊಡಕಿನ ಹೊತ್ತಿಗೆ ನಾಟಿಗೆ ಬೆಲೆ ಜಾಸ್ತಿ ಅಲ್ವಾ? ಆಗ ಮೊಟ್ಟೆ ಇಟ್ಟು ಮುಗಿದ ಫಾರಂ ಕೆಂಪು ಕೋಳಿಯನ್ನೂ ನಾಟಿ ಅಂತ ಕೊಡುತ್ತಾರೆ. ಕೊಕ್ಕಿನ ತುದಿ ನೋಡಿ. ಫಾರಂನಲ್ಲಿ ಕುಕ್ಕಾಡದಿರಲಿ ಅಂತ ಕೊಕ್ಕು ಮೊಂಡು ಮಾಡಿರುತ್ತಾರೆ.

ಮೊನ್ನೆ ಮಗಳ ಮನೆಗೆ ಹೋಗಿ ನೋಡಿದೆ. ಎರಡರ ಜುಟ್ಟು ಕೆಂಪಗಾಗಿದೆ. ಅವುಗಳ ಕಾಲಿಗೆ ದಾರ ಕಟ್ಟಿ ಗುರುತು ಮಾಡಿದೆ. ಕಾಲು ದಪ್ಪವಾದ ಹಾಗೆ ದಾರ ಬಿಗಿಯುತ್ತದೆ, ವಾರಕ್ಕೊಮ್ಮೆ ಬಿಚ್ಚಿ ಕಟ್ಟು ಅಂತ ಹೇಳಿ ಬಂದಿದ್ದೇನೆ. ಗರಿ ನೋಡಲು ಮುಂದಿನ ತಿಂಗಳು ಮತ್ತೆ ಹೋಗಬೇಕು.