ಮಳೆಗಾಲದ ಮುಚ್ಚಿದ ಮನೆಯಲ್ಲಿ ಪ್ಲಾಸ್ಟಿಕ್ ಧೂಳು ತಗ್ಗಿಸುವ ಬಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಕಿಟಕಿ ತೆರೆಯುವುದೇ ಅಪರೂಪ. ಒಗೆದ ಬಟ್ಟೆ ಒಳಗೇ ಒಣಗಬೇಕು, ಪಾಲಿಯೆಸ್ಟರ್ ರಗ್ಗು ಹಗಲೂ ಮಂಚದ ಮೇಲೇ. ಮನೆಯೊಳಗಿನ ಮೈಕ್ರೊಪ್ಲಾಸ್ಟಿಕ್‌ನಲ್ಲಿ ದೊಡ್ಡ ಪಾಲು ಬಟ್ಟೆಯಿಂದ ಉದುರುವ ಎಳೆಗಳದ್ದು. ಹಾಗಾಗಿ ಕೊಡಗಿನ ಮನೆಗಳಲ್ಲಿ ಹೆಚ್ಚು ಎಚ್ಚರ ಬೇಕಾದ ತಿಂಗಳುಗಳು ಇವೇ.

5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರೆಲ್ಲ ಮೈಕ್ರೊಪ್ಲಾಸ್ಟಿಕ್. ಕಣ್ಣಾರೆ ನೋಡಬೇಕೆಂದರೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗುವಂತೆ ಮಲಗಿಸಿ ಮಂಚದಡಿಗೆ ಬೆಳಕು ಬಿಡಿ. ಕೂದಲಿಗಿಂತ ತೆಳುವಾದ ಎಳೆಗಳು ಹೊಳೆಯುತ್ತವೆ. ಒಂದನ್ನು ಚಿಮಟದಲ್ಲಿ ಎತ್ತಿ ಸ್ಟೀಲ್ ತಟ್ಟೆಯ ಮೇಲಿಟ್ಟು, ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿದ ಸೂಜಿಯ ತುದಿಯನ್ನು ಹತ್ತಿರ ತನ್ನಿ. ಮುದುಡಿ ಗುಂಡಗಾದರೆ ಪ್ಲಾಸ್ಟಿಕ್. ಕರಗದೆ ಕಪ್ಪಾದರೆ ಹತ್ತಿ ಅಥವಾ ಉಣ್ಣೆ.

ಇದರಿಂದ ಆರೋಗ್ಯಕ್ಕೇನು? 2022ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ, ಪರೀಕ್ಷಿಸಿದ 22 ಜನರ ಪೈಕಿ 17 ಜನರ ರಕ್ತದಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಅದೇ ವರ್ಷ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಶ್ವಾಸಕೋಶದ 13 ಮಾದರಿಗಳಲ್ಲಿ 11ರಲ್ಲಿ ಸಿಕ್ಕಿತು. 2024ರ ಇಟಲಿಯ ಅಧ್ಯಯನದಲ್ಲಿ, ಕುತ್ತಿಗೆಯ ರಕ್ತನಾಳದೊಳಗೆ ಕಟ್ಟಿದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು ನಾಲ್ಕೂವರೆ ಪಟ್ಟು ಕಂಡಿತು. ಪ್ಲಾಸ್ಟಿಕ್ಕೇ ಕಾರಣವೆಂದು ಅದರಿಂದ ಸಾಬೀತಾಗಿಲ್ಲ. ನೈಲಾನ್ ಎಳೆಗಳನ್ನು ಸಣ್ಣಗೆ ಕತ್ತರಿಸುವ ಕಾರ್ಖಾನೆಗಳ ಕೆಲಸಗಾರರಿಗೆ ಶ್ವಾಸಕೋಶದ ಕಾಯಿಲೆ ಬಂದದ್ದು ಮಾತ್ರ 1990ರ ದಶಕದಲ್ಲೇ ದಾಖಲಾಗಿದೆ. ಅಲ್ಲಿನ ಪ್ರಮಾಣ ಮನೆಯದಕ್ಕಿಂತ ಎಷ್ಟೋ ಹೆಚ್ಚು. ಗಾಬರಿ ಬೇಡ. ಆದರೆ ಅಂಬೆಗಾಲಿಡುವ ಮಗುವಿದ್ದರೆ ಇವತ್ತೇ ಶುರು ಮಾಡಿ: ಅದರ ಕೈ ನೆಲದಿಂದ ನೇರ ಬಾಯಿಗೆ ಹೋಗುತ್ತದೆ.

ಮೊದಲು ಒಣ ಪೊರಕೆ ಬಿಡಿ. ಅದು ಧೂಳನ್ನು ಗುಡಿಸುವುದಕ್ಕಿಂತ ಹೆಚ್ಚಾಗಿ ಎಬ್ಬಿಸುತ್ತದೆ, ಎದ್ದ ಎಳೆ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಹಳೆಯ ಹತ್ತಿ ಪಂಚೆಯ ತುಂಡನ್ನು ನೀರಲ್ಲಿ ಅದ್ದಿ, ಹನಿ ತೊಟ್ಟಿಕ್ಕದಷ್ಟು ಗಟ್ಟಿಯಾಗಿ ಹಿಂಡಿ. ಮೇಲಿನಿಂದ ಕೆಳಕ್ಕೆ ಬನ್ನಿ: ಫ್ಯಾನಿನ ರೆಕ್ಕೆ, ಬೀರುವಿನ ತಲೆ, ಕಿಟಕಿ ಅಂಚು, ಕೊನೆಗೆ ನೆಲ. ನೆಲವನ್ನು ಮೂಲೆಯಿಂದ ಬಾಗಿಲ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಹಿಡಿದ ಧೂಳು ಮತ್ತೆ ಹರಡುತ್ತದೆ. ಒಂದು ಕೋಣೆಗೆ ಒಂದು ಬಕೆಟ್ ನೀರು. ಆ ಮೇಲೆ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಲೇಬೇಕು, ಇಲ್ಲದಿದ್ದರೆ ನಮ್ಮ ತೇವಕ್ಕೆ ಎರಡೇ ದಿನದಲ್ಲಿ ಮೂಲೆ ಬೂಸ್ಟು ಹಿಡಿದೀತು. ಅಂಗಡಿಯಲ್ಲಿ ಸಿಗುವ ಮೈಕ್ರೊಫೈಬರ್ ಬಟ್ಟೆಯೂ ಪಾಲಿಯೆಸ್ಟರೇ, ಅದೂ ಎಳೆ ಉದುರಿಸುತ್ತದೆ. ಮಲಗುವ ಕೋಣೆಗೆ ವಾರಕ್ಕೆ ಮೂರು ಸಲ ಸಾಕು, ಮಗುವಿದ್ದರೆ ದಿನವೂ.

ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ಹಂಡೆ ಒಲೆಯ ಬಚ್ಚಲ ಬಳಿಯೋ ಅಡುಗೆಮನೆಯಿಂದ ದೂರದ ಜಗಲಿಯಲ್ಲೋ ಹಗ್ಗ ಕಟ್ಟಿ, ಒಲೆಯಿಂದ ಮೂರಡಿ ದೂರವಿರಲಿ. ಒಣಗಿದ್ದನ್ನು ಕೋಣೆಯೊಳಗೆ ಒದರಬೇಡಿ, ಒದರಿದಾಗಲೇ ಎಳೆ ಹೆಚ್ಚು ಬೀಳುವುದು. ವಾಷಿಂಗ್ ಮೆಷಿನ್ ತುಂಬುವಷ್ಟು ಬಟ್ಟೆ ಹಾಕಿ, ತಣ್ಣೀರು, ಚಿಕ್ಕ ಸುತ್ತು. ಅರ್ಧ ಖಾಲಿ ಡ್ರಮ್ಮಿನಲ್ಲಿ ಬಟ್ಟೆಗೆ ಬಟ್ಟೆ ಹೆಚ್ಚು ಉಜ್ಜುತ್ತದೆ. ಹೊಸ ಫ್ಲೀಸ್ (ಮೆತ್ತನೆಯ ಪಾಲಿಯೆಸ್ಟರ್) ಸ್ವೆಟರನ್ನು ಮೊದಲ ಒಂದೆರಡು ಸಲ ಬೇರೆಯಾಗಿಯೇ ಒಗೆಯಿರಿ.

ಮಳೆ ಹೊಳವಾದ ಹೊತ್ತಿಗೆ ಎದುರುಬದುರು ಕಿಟಕಿ ಹದಿನೈದು ನಿಮಿಷ ತೆರೆಯಿರಿ. ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಬೇಕು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ; ಗಂಟೆಗೆ ಐದು ಸಲ ಸೋಸಲು ಗಂಟೆಗೆ 170 ಘನ ಮೀಟರ್ ಶುದ್ಧಗಾಳಿ ಕೊಡುವ ಯಂತ್ರ ಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಮೂಸಿ. ಮುಗ್ಗಲು ವಾಸನೆ ಬಂದರೆ ಬದಲಿಸಿ.

ಅಡುಗೆಮನೆಯಲ್ಲಿ ಸೂತ್ರ ಒಂದೇ: ಬಿಸಿಗೆ ಪ್ಲಾಸ್ಟಿಕ್ ತಾಗಬಾರದು. ಕಾಗದದ ಲೋಟದ ಒಳಗೂ ಪ್ಲಾಸ್ಟಿಕ್ ಪೊರೆ ಇರುತ್ತದೆ. 85–90 ಡಿಗ್ರಿಯ 100 ಮಿಲಿ ಬಿಸಿ ದ್ರವ ಅದರಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಕಣ ಬಿಡುತ್ತದೆಂದು ಖರಗ್‌ಪುರ ಐಐಟಿ ಲೆಕ್ಕ ಹಾಕಿದೆ. ಮದುವೆಮನೆಯ ಕಾಫಿಗೂ ಸ್ಟೀಲ್ ಲೋಟ ಇಡಿಸಿ. ಹಬೆಯಿಂದ ಇಳಿಸಿದ ಕಡಂಬುಟ್ಟು ಬಾಳೆಎಲೆಗೆ, ಹುಳಿಯ ಕಾಚಂಪುಳಿ ಗಾಜಿನ ಬಾಟಲಿಗೆ.

ನೀರು ಕುದಿಸಿ ಸೋಸಿದರೆ ಪ್ಲಾಸ್ಟಿಕ್ ಹೋಗುತ್ತದೆಂಬುದು ಗಡಸು ನೀರಿಗೆ ಹೆಚ್ಚು ಸಲ್ಲುವ ಮಾತು: ಸುಣ್ಣ ಗಟ್ಟಿಯಾಗುವಾಗ ಕಣಗಳನ್ನೂ ಹಿಡಿದುಕೊಳ್ಳುತ್ತದೆ. ನಿಮ್ಮ ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟದಿದ್ದರೆ ನೀರು ಮೆದು, ಲಾಭ ಕಡಿಮೆ. ರೋಗಾಣುವಿಗಾಗಿ ಕುದಿಸುವುದನ್ನು ಮಾತ್ರ ಬಿಡಬೇಡಿ.

ಬಿಸಿಲಿಗೆ ಪುಡಿಯಾಗುತ್ತಿರುವ ಹಳೆಯ ಟಾರ್ಪಾಲನ್ನು ಅಟ್ಟಕ್ಕೆ ಸೇರಿಸಬೇಡಿ, ಕಾಫಿ ಒಣಗಿಸಲೂ ಹಾಸಬೇಡಿ. ಒರೆಸಿದ ಬಕೆಟ್ಟಿನ ನೀರನ್ನು ಬಟ್ಟೆಯಲ್ಲಿ ಸೋಸಿ, ಉಳಿದ ಧೂಳನ್ನು ಕಾಗದದಲ್ಲಿ ಮಡಚಿ ಒಣಕಸಕ್ಕೆ ಹಾಕಿ. ಹಂಡೆ ಒಲೆಗೆ ಹಾಕಿದರೆ ಅದೇ ಪ್ಲಾಸ್ಟಿಕ್ ಹೊಗೆಯಾಗಿ ಮನೆಯೊಳಗೆ ವಾಪಸು ಬರುತ್ತದೆ.