ವೃತ್ತ ಮೊಟ್ಟೆಯಾದಾಗ

ಮಲ್ಪೆಯ ನಮ್ಮ ಮನೆಯ ಜಗಲಿಯಲ್ಲಿ ಕಟ್ಟಿದ ಸಿಎನ್‌ಸಿ ಯಂತ್ರದ (ಕಂಪ್ಯೂಟರ್ ಹೇಳಿದಂತೆ ಚಲಿಸುವ ಯಂತ್ರ) ಎರಡೂ ಸ್ಟೆಪ್ಪರ್ ಮೋಟಾರುಗಳು (ಹೆಜ್ಜೆ ಹೆಜ್ಜೆಯಾಗಿ ತಿರುಗುವವು) ಉಡುಪಿಯ ಗುಜರಿ ಅಂಗಡಿಯವು. ಒಂದು ಪ್ರಿಂಟರಿನದು, ಇನ್ನೊಂದು ಸ್ಕ್ಯಾನರಿನದು. ಆರ್ಡುಯಿನೊ ಊನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನಲ್ಲಿ ಯಂತ್ರ ನಡೆಸುವ ಜಿಆರ್‌ಬಿಎಲ್ ತಂತ್ರಾಂಶ, ಜೊತೆಗೆ ಮೋಟಾರುಗಳಿಗೆ ಕರೆಂಟು ಕೊಡುವ ಎ4988 ಡ್ರೈವರುಗಳು. ಪೆನ್ನು ಕಟ್ಟಿ 40 ಮಿ.ಮೀ. ವೃತ್ತ ಬರೆಸಿದರೆ ಬಂದದ್ದು ಮೊಟ್ಟೆ.

ಮೋಟಾರು ಹೆಜ್ಜೆ ತಪ್ಪುತ್ತಿದೆ ಎಂದುಕೊಂಡು ಎರಡು ಸಂಜೆ ಡ್ರೈವರಿನ ಕರೆಂಟನ್ನೇ ಸರಿಪಡಿಸುತ್ತ ಕುಳಿತೆ. ಕೊನೆಗೆ ಅಳೆದು ನೋಡಿದೆ: ಅಗಲ 40, ಎತ್ತರ 20. ಮತ್ತೆ ಬರೆಸಿದರೂ ಅಷ್ಟೇ. ಹೆಜ್ಜೆ ತಪ್ಪಿದ್ದರೆ ಪ್ರತಿ ಸಲವೂ ಇಷ್ಟು ನಿಖರವಾದ ಅರ್ಧ ಬರುವುದು ಸಾಧ್ಯವೇ ಇಲ್ಲ!

ಪ್ರಿಂಟರಿನ ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ, ಸ್ಕ್ಯಾನರಿನದಕ್ಕೆ 400. ಎಂ8 ಥ್ರೆಡ್ ರಾಡ್ (8 ಮಿ.ಮೀ. ದಪ್ಪದ ತಿರುಪಿನ ಸರಳು) ಸುತ್ತಿಗೆ 1.25 ಮಿ.ಮೀ. ಸಾಗಿಸುತ್ತದೆ. ಡ್ರೈವರು ಪ್ರತಿ ಹೆಜ್ಜೆಯನ್ನು ಹದಿನಾರು ಪಾಲು ಮಾಡುವ ಲೆಕ್ಕದಲ್ಲಿ ಮಿ.ಮೀ.ಗೆ 2560 ಪಲ್ಸ್ (ಪಾಲಿಗೊಂದು ವಿದ್ಯುತ್ ಮಿಡಿತ) ಎಂದು ಜಿಆರ್‌ಬಿಎಲ್‌ನಲ್ಲಿ ಎರಡಕ್ಕೂ ಬರೆದಿದ್ದೆ. ಅಷ್ಟಕ್ಕೆ ಸ್ಕ್ಯಾನರಿನ ಮೋಟಾರು ಅರ್ಧವೇ ಸಾಗುತ್ತಿತ್ತು. ಅದಕ್ಕೆ 5120 ಮಾಡಬಹುದಿತ್ತು, ಆದರೆ ಊನೊದಲ್ಲಿ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್‌ಗಳನ್ನಷ್ಟೇ ಕೊಡಬಲ್ಲದು, ವೇಗ ಕುಸಿಯುತ್ತಿತ್ತು. ಹಾಗಾಗಿ ವಿದ್ಯುತ್ ಆರಿಸಿ, ಆ ಮೋಟಾರಿನ ಡ್ರೈವರಿನ ಅಡಿಯಲ್ಲಿ ಹೆಜ್ಜೆಯ ಪಾಲನ್ನು ನಿರ್ಧರಿಸುವ ಎಂಎಸ್3 ಜಂಪರನ್ನು (ಪಿನ್ನುಗಳನ್ನು ಜೋಡಿಸುವ ಪುಟ್ಟ ತುಂಡು) ಕಿತ್ತೆ. ಎಂಟನೇ ಒಂದು ಹೆಜ್ಜೆಗೆ ಬಂದೊಡನೆ ಅದೇ 2560 ಎರಡಕ್ಕೂ ಹೊಂದಿತು. ವೃತ್ತ ದುಂಡಗೆ ಬಂದಾಗ ಆದ ಸಂತೋಷ ಹೇಳತೀರದು.

ಕಡಲಗಾಳಿಗೆ ರಾಡ್ ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಎಣ್ಣೆ ಸವರುತ್ತೇನೆ.