ಹೀಟ್ ಪಂಪ್ ಗೀಸರ್: ಅರ್ಥ ಮಾಡಿಕೊಳ್ಳುವುದು ಹೇಗೆ, ಆರಿಸುವುದು ಹೇಗೆ?

ಓಡುತ್ತಿರುವ ಫ್ರಿಜ್ಜಿನ ಹಿಂಬದಿಗೋ ಪಕ್ಕಕ್ಕೋ ಕೈಯಿಟ್ಟು ನೋಡಿ. ಬೆಚ್ಚಗಿರುತ್ತದೆ. ಆ ಬಿಸಿಯ ಬಹುಪಾಲು ಫ್ರಿಜ್ಜಿನ ಒಳಗಿನಿಂದಲೇ ಬಂದದ್ದು. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುವುದೇ ಫ್ರಿಜ್ಜಿನ ಕೆಲಸ. ಹೀಟ್ ಪಂಪ್ ಗೀಸರ್ ಮಾಡುವುದೂ ಇದನ್ನೇ. ಸುತ್ತಲಿನ ಗಾಳಿಯಲ್ಲಿರುವ ಬಿಸಿಯನ್ನು ಎತ್ತಿ ಟ್ಯಾಂಕಿನ ನೀರಿಗೆ ಹಾಕುತ್ತದೆ.

ಎಸಿ, ಫ್ರಿಜ್ಜು ರಿಪೇರಿ ಮಾಡುವವರು ‘ಗ್ಯಾಸ್’ ಎನ್ನುವ ವಸ್ತು ಇದರ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಅದು ತೀರಾ ಕಡಿಮೆ ಬಿಸಿಗೇ ಕುದಿಯುತ್ತದೆ. ಫ್ಯಾನ್ ಗಾಳಿ ಬೀಸಿದಾಗ ಆ ಗಾಳಿಯ ಬಿಸಿ ಹೀರಿಕೊಂಡು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ವಾ, ಹಾಗೆಯೇ ಒತ್ತಿದ ಆವಿ ಜೋರಾಗಿ ಕಾಯುತ್ತದೆ. ಟ್ಯಾಂಕಿನ ಸುತ್ತ ಹಾಯುವಾಗ ಬಿಸಿಯನ್ನು ನೀರಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಆಮೇಲೆ ಒಂದು ಕಿರಿದಾದ ವಾಲ್ವ್ ದಾಟಿ, ತಣ್ಣಗಾಗಿ, ಮತ್ತೆ ಗಾಳಿಯ ಕಡೆಗೆ ಬರುತ್ತದೆ.

ಇಲ್ಲಿ ಕರೆಂಟು ನೀರನ್ನು ನೇರವಾಗಿ ಕಾಯಿಸುವುದಿಲ್ಲ. ಬಿಸಿಯನ್ನು ಸಾಗಿಸುತ್ತದೆ ಅಷ್ಟೇ. ಉಳಿತಾಯದ ಗುಟ್ಟೆಲ್ಲ ಇದರಲ್ಲೇ ಇದೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಸುಮಾರು 3.5 ಯೂನಿಟ್ ಶಾಖ ಬೇಕು. ಕಾಯಿಲ್ ಇರುವ ಮಾಮೂಲಿ ಗೀಸರ್ ಅಷ್ಟೂ ಯೂನಿಟ್ ಕರೆಂಟು ತಿನ್ನುತ್ತದೆ. ಹೀಟ್ ಪಂಪ್‌ಗೆ ಅದರ ಮೂರನೇ ಒಂದು ಭಾಗ, ಅಂದರೆ ಸುಮಾರು 1.2 ಯೂನಿಟ್ ಸಾಕಾಗುತ್ತದೆ. ಮಿಕ್ಕದ್ದು ಗಾಳಿಯಿಂದ ಬರುತ್ತದೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಸಿಗುತ್ತದೆ ಎಂಬ ಲೆಕ್ಕಕ್ಕೆ ಸಿಒಪಿ ಎನ್ನುತ್ತಾರೆ.

ಮೊದಲು ಜಾಗ ನೋಡಿ

ಮಾಡೆಲ್ ನೋಡುವ ಮೊದಲೇ ಟೇಪ್ ಹಿಡಿದು ಜಾಗ ಅಳೆಯಿರಿ. ಈ ಗೀಸರ್‌ಗೆ ಧಾರಾಳ ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಇಡುವುದಾದರೆ ಸುಮಾರು 20 ಘನ ಮೀಟರ್ ಇರಲಿ. ಮೂರು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಕೋಣೆ ಎಂದುಕೊಳ್ಳಿ. ಇಕ್ಕಟ್ಟಾದ ಕಡೆ ಇಟ್ಟರೆ ತಾನೇ ಬಿಟ್ಟ ತಣ್ಣನೆ ಗಾಳಿಯನ್ನು ಮತ್ತೆ ಎಳೆದುಕೊಂಡು ಒದ್ದಾಡುತ್ತದೆ. ಹೊರಗೆ ನೆರಳಿನ ಜಾಗವಿದ್ದು, ಮಾಡೆಲ್ ಹೊರಗಿಡಲು ತಕ್ಕದ್ದಾಗಿದ್ದರೆ ಒಳ್ಳೆಯದು.

ಗಾಳಿಯ ತೇವ ನೀರಾಗಿ ತೊಟ್ಟಿಕ್ಕುತ್ತದೆ, ಎಸಿಯಿಂದ ಬರುವ ಹಾಗೆ. ಅದು ಹರಿದು ಹೋಗಲು ಪೈಪ್ ಬೇಕು. ಇನ್ನೂರು ಲೀಟರ್ ಟ್ಯಾಂಕ್ ಎಂದರೆ ನೀರಿನ ತೂಕವೇ 200 ಕೆಜಿ. ಅದರ ಮೇಲೆ ಯಂತ್ರದ ತೂಕ. ಹಾಗಾಗಿ ನೆಲ ಗಟ್ಟಿ ಇರಲಿ. ಕಂಪ್ರೆಸರ್, ಫ್ಯಾನ್ ಎರಡೂ ಸದ್ದು ಮಾಡುತ್ತವೆ. ಮಲಗುವ ಕೋಣೆಯ ಗೋಡೆಗೆ ತಾಗಿಸಿ ಇಡಬೇಡಿ.

ಕಂಪ್ರೆಸರ್ ಟ್ಯಾಂಕಿನ ಮೇಲೆಯೇ ಕೂತಿರುವ ಮಾಡೆಲ್‌ಗಳನ್ನು ಹಾಕಿಸುವುದು ಸುಲಭ. ಕಂಪ್ರೆಸರ್ ಹೊರಗೆ, ಟ್ಯಾಂಕ್ ಒಳಗೆ ಇರುವ ಸ್ಪ್ಲಿಟ್ ಮಾಡೆಲ್‌ಗಳಲ್ಲಿ ಮನೆಯೊಳಗೆ ಸದ್ದಿಲ್ಲ, ಹಾಕಿಸುವ ಖರ್ಚು ಜಾಸ್ತಿ.

ಟ್ಯಾಂಕ್ ಎಷ್ಟು ದೊಡ್ಡದು?

ಬಹಳ ಜನ ತಪ್ಪುವುದು ಇಲ್ಲಿಯೇ. ಮಾಮೂಲಿ ಗೀಸರ್ ಲೆಕ್ಕದಲ್ಲಿ ಚಿಕ್ಕದನ್ನು ತಂದುಬಿಡುತ್ತಾರೆ. ಹದಿನೈದು ಲೀಟರ್‌ನ ಎರಡು ಕಿಲೋವ್ಯಾಟ್ ಗೀಸರ್ ಕಾಲು ಗಂಟೆಯಲ್ಲಿ ನೀರು ಕಾಯಿಸಿ ಕೊಡುತ್ತದೆ. ಒಂದೂವರೆ ಕಿಲೋವ್ಯಾಟ್ ಶಾಖ ಕೊಡುವ ಹೀಟ್ ಪಂಪ್‌ಗೆ 150 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಮೂರೂವರೆ ಗಂಟೆ ಬೇಕು. ಇದು ಅವಸರದ ಯಂತ್ರ ಅಲ್ಲ. ನಿಧಾನವಾಗಿ ಕಾಯಿಸಿ, ದೊಡ್ಡ ಟ್ಯಾಂಕಿನಲ್ಲಿ ಕೂಡಿಡುತ್ತದೆ.

ಲೆಕ್ಕ ನೀವೇ ಹಾಕಬಹುದು. ಶವರ್ ಕೆಳಗೆ ಒಂದು ನಿಮಿಷ ಬಕೆಟ್ ಹಿಡಿದು, ಬಂದ ನೀರನ್ನು ಅಳೆಯಿರಿ. ಎಂಟು ಲೀಟರ್ ಬಂತು ಎನ್ನಿ. ಆರು ನಿಮಿಷ ಸ್ನಾನ ಮಾಡಿದರೆ ಒಬ್ಬರಿಗೆ 48 ಲೀಟರ್. ನಾಲ್ಕು ಜನಕ್ಕೆ ಹತ್ತಿರ ಹತ್ತಿರ 200. ಆದರೆ ಅಷ್ಟೂ ಟ್ಯಾಂಕಿನಿಂದ ಬರಬೇಕಿಲ್ಲ. 55 ಡಿಗ್ರಿ ನೀರಿಗೆ 25 ಡಿಗ್ರಿಯ ತಣ್ಣೀರನ್ನು ಸಮಸಮ ಬೆರೆಸಿದರೆ 40 ಡಿಗ್ರಿಯ ಹದವಾದ ನೀರಾಗುತ್ತದೆ. ಹಾಗಾಗಿ ಟ್ಯಾಂಕಿನಿಂದ ನೂರು ಲೀಟರ್ ಸಾಕು. ಚಳಿಗಾಲದಲ್ಲಿ ನಲ್ಲಿ ನೀರು 15 ಡಿಗ್ರಿಗೆ ಇಳಿದರೆ 125 ಲೀಟರ್ ಬೇಕಾಗುತ್ತದೆ. ಬಿಸಿನೀರು ಖರ್ಚಾದ ಹಾಗೆಲ್ಲ ಕೆಳಗಿನಿಂದ ತಣ್ಣೀರು ತುಂಬುತ್ತದೆ, ಟ್ಯಾಂಕಿನ ಅಷ್ಟೂ ನೀರು ಬಿಸಿಯಾಗಿ ಸಿಗುವುದಿಲ್ಲ. ಈ ಮನೆಗೆ ನಾನಾದರೆ 150ಕ್ಕಿಂತ ಚಿಕ್ಕದನ್ನು ನೋಡುವುದೇ ಇಲ್ಲ. ಎಲ್ಲರೂ ಒಂದೇ ಹೊತ್ತಿಗೆ ಹೊರಡುವವರಾದರೆ 200 ತೆಗೆದುಕೊಳ್ಳುತ್ತೇನೆ.

ಟ್ಯಾಂಕ್ ಚಿಕ್ಕದಾದರೆ ಏನಾಗುತ್ತದೆ ಗೊತ್ತಾ? ಬಹುತೇಕ ಮಾಡೆಲ್‌ಗಳೊಳಗೆ ಒಂದು ಮಾಮೂಲಿ ಕಾಯಿಲ್ ಕೂಡ ಇರುತ್ತದೆ. ನೀರು ಸಾಲದಾದಾಗ ಅದು ಹೊತ್ತಿಕೊಳ್ಳುತ್ತದೆ. ದಿನಾ ಹಾಗಾದರೆ ಹೀಟ್ ಪಂಪ್‌ಗೆ ಕೊಟ್ಟ ದುಡ್ಡು ಸುಮ್ನೆ ಹೋದ ಹಾಗೆ.

ದಿನಕ್ಕೆ ಒಂದೆರಡು ಬಕೆಟ್ ಬಿಸಿನೀರು ಬಳಸುವ ಒಂಟಿ ವ್ಯಕ್ತಿಗೆ ಇದು ಬೇಡ. ಉಳಿತಾಯ ಅಷ್ಟಾಗುವುದಿಲ್ಲ, ಹಾಕಿದ ಬಂಡವಾಳ ವಾಪಸ್ ಬರಲು ತುಂಬಾ ವರ್ಷ ಬೇಕು.

ಕೊಳ್ಳುವ ಮುಂಚೆ ಓದಬೇಕಾದ್ದು

ಸಿಒಪಿ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟು ಡಿಗ್ರಿ ಗಾಳಿಯಲ್ಲಿ, ನೀರನ್ನು ಎಷ್ಟಕ್ಕೆ ಕಾಯಿಸಿದಾಗ ಬಂದ ಅಂಕಿ ಅದು ಎಂದು ನೋಡಿ. ಗಾಳಿ ತಣ್ಣಗಾದಷ್ಟೂ, ನೀರು ಹೆಚ್ಚು ಬಿಸಿ ಬೇಕಾದಷ್ಟೂ ಸಿಒಪಿ ಇಳಿಯುತ್ತದೆ. ಎರಡು ಮಾಡೆಲ್ ಹೋಲಿಸುವಾಗ ಎರಡಕ್ಕೂ ಒಂದೇ ಅಳತೆಗೋಲು ಇರಲಿ.

ಯಾವ ಚಳಿಯವರೆಗೆ ಕಂಪ್ರೆಸರ್ ಓಡುತ್ತದೆ ಎಂದೂ ಕೇಳಿ. ಕೆಲವು ಮಾಡೆಲ್‌ಗಳು 5 ಡಿಗ್ರಿ ಆಸುಪಾಸಿನಲ್ಲೇ ಕೈಚೆಲ್ಲಿ ಕಾಯಿಲ್‌ಗೆ ಬಿಟ್ಟುಕೊಡುತ್ತವೆ. ನೀರು ಹೆಪ್ಪುಗಟ್ಟುವ ಊರಿನವರು ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಮಾಡೆಲ್ ನೋಡಬಹುದು. ಜಪಾನಿನಲ್ಲಿ ಇವು 2001ರಿಂದಲೂ ಮಾರಾಟದಲ್ಲಿವೆ. ಒಳಗೆ ಯಾವ ಗ್ಯಾಸ್ ಇದೆ ಎಂದೂ ನೋಡಿ. ಕೆಲವು ಮಾಡೆಲ್‌ಗಳಲ್ಲಿರುವ ಆರ್134ಎ ಎಂಬ ಗ್ಯಾಸ್ ಸೋರಿದರೆ ಭೂಮಿ ಬಿಸಿಯಾಗಲು ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಕಾರಣವಾಗುತ್ತದೆ. ಆರ್290 ಎಂದರೆ ಪ್ರೊಪೇನ್. ಅದರಿಂದ ಆ ಕಾಟ ತೀರಾ ಕಡಿಮೆ. ಆದರೆ ಬೆಂಕಿ ಹಿಡಿಯುವ ಅನಿಲ, ಆದ್ದರಿಂದ ಇಡುವ ಜಾಗದ ನಿಯಮ ಪಾಲಿಸಲೇಬೇಕು.

ಹಾಕಿಸಿದ ಮೇಲೆ

ಬಚ್ಚಲಿಗೆ ಹೋಗುವ ಮುಂಚೆ ಸ್ವಿಚ್ ಹಾಕುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಟೈಮರ್ ಇಟ್ಟು ಮಧ್ಯಾಹ್ನ ಓಡಿಸಿ. ಆಗ ಗಾಳಿ ಬೆಚ್ಚಗಿರುತ್ತದೆ, ಅದೇ ಕರೆಂಟಿಗೆ ಹೆಚ್ಚು ಬಿಸಿ ಸಿಗುತ್ತದೆ. ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಇದ್ದವರಿಗಂತೂ ಅದೇ ಸರಿಯಾದ ಹೊತ್ತು. ಟ್ಯಾಂಕಿಗೆ ಒಳ್ಳೆಯ ಹೊದಿಕೆ ಇರುವುದರಿಂದ ಮರುದಿನ ಬೆಳಿಗ್ಗೆಗೂ ನೀರು ಬಿಸಿಯಾಗಿಯೇ ಇರುತ್ತದೆ.

ಕರೆಂಟು ಉಳಿಸಲು 45 ಡಿಗ್ರಿಗೆ ಇಳಿಸಿ ಬಿಟ್ಟುಬಿಡಬೇಡಿ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರ್‌ನ ತುಂತುರಿನೊಂದಿಗೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ತರುತ್ತದೆ. ಹೆಚ್ಚಿನ ಮಾಡೆಲ್‌ಗಳಲ್ಲಿ ವಾರಕ್ಕೊಮ್ಮೆ 60 ಡಿಗ್ರಿಗೆ ಕಾಯಿಸುವ ವ್ಯವಸ್ಥೆ ಇದೆ. ಅದನ್ನು ಆನ್ ಮಾಡಿಸಿಕೊಳ್ಳಿ.

ಗಾಳಿಯ ಫಿಲ್ಟರ್ ಇದ್ದರೆ ಆಗಾಗ ದೂಳು ತೆಗೆಯಿರಿ. ಟ್ಯಾಂಕಿನೊಳಗಿನ ಮೆಗ್ನೀಷಿಯಂ ರಾಡ್ ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಉಳಿಸುತ್ತದೆ. ಅದನ್ನು ಒಂದೆರಡು ವರ್ಷಕ್ಕೊಮ್ಮೆ ತೆಗೆಸಿ ನೋಡಿ, ಗಡಸು ನೀರಿನ ಊರಾದರೆ ವರ್ಷಕ್ಕೊಮ್ಮೆ.

ಇನ್ನೊಂದು ಮಾತು. ಯಂತ್ರವನ್ನು ನಿಲ್ಲಿಸಿಕೊಂಡೇ ತರಲು ಹೇಳಿ. ದಾರಿಯಲ್ಲಿ ಮಲಗಿಸಿದ್ದರೆ ಕಂಪ್ರೆಸರ್‌ನ ಎಣ್ಣೆ ಬೇರೆ ಕೊಳವೆಗಳಿಗೆ ಹೋಗಿರುತ್ತದೆ. ಅದು ಇಳಿದು ಬರುವ ತನಕ, ಕೈಪಿಡಿ ಹೇಳಿದಷ್ಟು ಗಂಟೆ, ಸ್ವಿಚ್ ಮುಟ್ಟಬೇಡಿ.